ವಿದ್ಯುತ್ ಮತ್ತು ಅನಿಲ ಜಾಲಗಳ ಒಕ್ಕೂಟ: ಬ್ರಿಟನ್ ದೇಶದ ಒಂದು ಅನುಭವ

ಗುಂಡಿಯನ್ನು ಒತ್ತಿದೊಡನೆ ದೀಪ ಹೊತ್ತಿಕೊಳ್ಳುವುದು ಇಂದು ನಮಗೆ ಸೋಜಿಗದ ಸಂಗತಿಯಾಗಿ ಉಳಿದಿಲ್ಲ. ಹೊತ್ತಿಕೊಳ್ಳದಿದ್ದಾಗ ಮಾತ್ರ ಆ ದೀಪದ ಹಿಂದೆ ಏನಿದೆಯೆಂದು ಯೋಚಿಸುತ್ತೇವೆ. ಆಗಲೂ ನಮ್ಮ ಯೋಚನೆ ಸಾಮಾನ್ಯವಾಗಿ ಜಲಾಶಯದ ನೀರಿನ ಮಟ್ಟದ ಕಡೆಗೋ ಕಲ್ಲಿದ್ದಲಿನ ಕೊರತೆಯ ಕಡೆಗೋ ಹರಿಯುತ್ತದೆ. ಉತ್ಪಾದನೆಯ ಸ್ಥಾನದಿಂದ ಮನೆಯವರೆಗೆ ಶಕ್ತಿಯನ್ನು ಹೊತ್ತು ತರುವ ತಂತಿ, ಕಂಬ, ಟ್ರಾನ್ಸ್‌ಫಾರ್ಮರು, ಉಪಕೇಂದ್ರಗಳ ಕಡೆಗೆ ಹರಿಯುವುದು ಕಡಮೆ. ಈ ತಂತಿ ಕಂಬಗಳನ್ನು ನೋಡಿಕೊಳ್ಳುವ ಸಂಸ್ಥೆಗಳು ಹಲವಾಗಿದ್ದಾಗ ಅವುಗಳೊಳಗೆ ಹೊಂದಾಣಿಕೆಯನ್ನು ತರುವವರು ಯಾರು ಎಂಬ ಪ್ರಶ್ನೆಯಂತೂ ಇಂಜಿನಿಯರುಗಳ ವಲಯದಿಂದಾಚೆಗೆ ಏಳುವುದೇ ಅಪೂರ್ವ.

ಈ ಪ್ರಶ್ನೆಗೆ ಒಂದು ದೇಶವು ಕಂಡುಕೊಂಡ ಉತ್ತರವನ್ನು ವಾಚಕರ ಮುಂದಿಡುವುದು ಪ್ರಕೃತ ಲೇಖನದ ಉದ್ದೇಶ. ಆ ದೇಶ ಬ್ರಿಟನ್. ಆ ಉತ್ತರ, ಅಲ್ಲಿಯ ಜಾಲ ಕಂಪನಿಗಳೆಲ್ಲ ಸೇರಿ ಕಟ್ಟಿಕೊಂಡಿರುವ ಎನರ್ಜಿ ನೆಟ್‌ವರ್ಕ್ಸ್ ಅಸೋಸಿಯೇಷನ್ ಎಂಬ ಒಕ್ಕೂಟ. ಇದು ಜನರಿಗೆ ಒಂದು ಯೂನಿಟ್ಟು ವಿದ್ಯುತ್ತನ್ನೂ ಮಾರುವುದಿಲ್ಲ. ಬೀದಿಯಲ್ಲಿ ಒಂದು ಕಂಬವನ್ನೂ ನೆಡುವುದಿಲ್ಲ. ಆದರೆ ಅದರ ಸಮಿತಿಗಳಲ್ಲಿ ಸಿದ್ಧವಾಗುವ ನಿಯಮಗಳು ಕೋಟ್ಯಂತರ ಮನೆಗಳ ದೀಪವನ್ನೂ ಒಲೆಯನ್ನೂ ಮುಟ್ಟುತ್ತವೆ. ಆ ನಿಯಮಗಳಲ್ಲಿ ಒಂದು ಹಳತಾಗಿ ಉಳಿದುದರಿಂದ ಏನಾಯಿತೆಂಬುದನ್ನು ಮುಂದೆ ನೋಡಲಿದ್ದೇವೆ.

ಜಾಲದ ಸ್ವರೂಪ

ಶಕ್ತಿಯ ವ್ಯವಹಾರದಲ್ಲಿ ಸ್ಥೂಲವಾಗಿ ಮೂರು ಅಂಗಗಳಿವೆ: ಉತ್ಪಾದನೆ, ಸಾಗಣೆ ಮತ್ತು ವಿತರಣೆ, ಮಾರಾಟ. ಇವುಗಳಲ್ಲಿ ಮೊದಲನೆಯದರಲ್ಲಿಯೂ ಕೊನೆಯದರಲ್ಲಿಯೂ ಹಲವು ಕಂಪನಿಗಳು ಪೈಪೋಟಿ ನಡೆಸಬಹುದು. ನಡುವಿನ ಅಂಗ ಹಾಗಲ್ಲ. ಒಂದೇ ಬೀದಿಯಲ್ಲಿ ಇಬ್ಬರು ಎರಡು ಸಾಲು ಕಂಬಗಳನ್ನು ನೆಡುವುದು, ಒಂದೇ ರಸ್ತೆಯನ್ನು ಅಗೆದು ಎರಡು ಅನಿಲದ ಕೊಳವೆಗಳನ್ನು ಹೂಳುವುದು ದುಂದು. ಆದ್ದರಿಂದ ಜಾಲವು ಸ್ವಭಾವತಃ ಏಕಸ್ವಾಮ್ಯದ ವಸ್ತು. ಬ್ರಿಟನ್ನಿನ ಗೃಹಸ್ಥನು ತನಗೆ ವಿದ್ಯುತ್ತು ಮಾರುವ ಕಂಪನಿಯನ್ನು ಬದಲಾಯಿಸಬಲ್ಲನು; ತನ್ನ ಬೀದಿಯ ತಂತಿಯ ಕಂಪನಿಯನ್ನು ಬದಲಾಯಿಸಲಾರನು.

ಗ್ರೇಟ್ ಬ್ರಿಟನ್ ವಿದ್ಯುತ್ ವಿತರಣೆಗಾಗಿ ೧೪ ಪ್ರದೇಶಗಳಾಗಿಯೂ, ಅನಿಲ ವಿತರಣೆಗಾಗಿ ೮ ಪ್ರದೇಶಗಳಾಗಿಯೂ ಹಂಚಿಹೋಗಿದೆ. ಪ್ರತಿಯೊಂದು ಪ್ರದೇಶಕ್ಕೂ ಒಂದೊಂದು ಕಂಪನಿಗೆ ಪರವಾನಗಿ. ಇವು ಪಡೆಯಬಹುದಾದ ಆದಾಯವನ್ನು ಆಫ್‌ಜೆಮ್ ಎಂಬ ನಿಯಂತ್ರಣ ಸಂಸ್ಥೆ ನಿಗದಿಮಾಡುತ್ತದೆ. ಹೀಗೆ ನಿಯಂತ್ರಕನು ಬೆಲೆಯನ್ನು ನೋಡಿಕೊಳ್ಳುತ್ತಾನೆ, ಕಂಪನಿಯು ತನ್ನ ಸೀಮೆಯನ್ನು ನೋಡಿಕೊಳ್ಳುತ್ತದೆ. ಆದರೆ ವಿದ್ಯುತ್ತಿಗೆ ಸೀಮೆಯಿಲ್ಲ. ಸ್ಕಾಟ್ಲೆಂಡಿನ ಉತ್ತರ ತುದಿಯಿಂದ ಇಂಗ್ಲೆಂಡಿನ ದಕ್ಷಿಣ ತೀರದವರೆಗೆ ಅದು ಒಂದೇ ಲಯದಲ್ಲಿ, ಸೆಕೆಂಡಿಗೆ ೫೦ ಆವರ್ತಗಳಂತೆ, ಮಿಡಿಯಬೇಕು. ಒಂದು ಸೀಮೆಯ ತಪ್ಪು ಕ್ಷಣಾರ್ಧದಲ್ಲಿ ಎಲ್ಲ ಸೀಮೆಗಳ ತಪ್ಪಾಗುತ್ತದೆ. ಒಕ್ಕೂಟದ ಆವಶ್ಯಕತೆ ಹುಟ್ಟುವುದು ಇಲ್ಲಿಯೇ.

ಹಲವು ಒಂದಾದದ್ದು, ಒಂದು ಹಲವಾದದ್ದು

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟನ್ನಿನಲ್ಲಿ ವಿದ್ಯುತ್ತನ್ನು ಒದಗಿಸುತ್ತಿದ್ದ ಪುರಸಭೆಗಳೂ ಖಾಸಗಿ ಕಂಪನಿಗಳೂ ನೂರಾರು. ಒಂದೂರಿನ ವೋಲ್ಟೇಜು ಇನ್ನೊಂದೂರಿನದಲ್ಲ, ಒಂದರ ಆವೃತ್ತಿ ಇನ್ನೊಂದರದಲ್ಲ. ಊರು ಬಿಟ್ಟು ಊರಿಗೆ ಸಂಸಾರ ಸಾಗಿಸಿದವರು ತಮ್ಮ ದೀಪವನ್ನೂ ಇಸ್ತ್ರಿಪೆಟ್ಟಿಗೆಯನ್ನೂ ಬದಲಾಯಿಸಬೇಕಾದ ಸ್ಥಿತಿ. ೧೯೨೬ರ ವಿದ್ಯುತ್ ಶಾಸನವು ಈ ಗೊಂದಲಕ್ಕೆ ಕೈಹಾಕಿತು. ಅದರಂತೆ ಸ್ಥಾಪಿತವಾದ ಕೇಂದ್ರ ವಿದ್ಯುತ್ ಮಂಡಲಿಯು ೧೩೨ ಕಿಲೋವೋಲ್ಟಿನ ಮಾರ್ಗಗಳನ್ನು ನಿರ್ಮಿಸಿ, ೧೯೩೦ರ ದಶಕದಲ್ಲಿ ರಾಷ್ಟ್ರೀಯ ಜಾಲವನ್ನು ಕಾರ್ಯರೂಪಕ್ಕೆ ತಂದಿತು.

ಎರಡನೆಯ ಮಹಾಯುದ್ಧದ ತರುವಾಯ ೧೯೪೮ರಲ್ಲಿ ವಿದ್ಯುತ್ ಉದ್ಯಮವೂ ೧೯೪೯ರಲ್ಲಿ ಅನಿಲ ಉದ್ಯಮವೂ ರಾಷ್ಟ್ರೀಕೃತವಾದವು. ಅನಿಲದ ವಿಷಯದಲ್ಲಿ ಸಾವಿರಕ್ಕೂ ಮಿಕ್ಕಿದ ಸಂಸ್ಥೆಗಳು ೧೨ ಪ್ರಾದೇಶಿಕ ಮಂಡಲಿಗಳಲ್ಲಿ ಅಡಕವಾದುವೆಂದರೆ ಆ ಕಾರ್ಯದ ಗಾತ್ರ ಊಹೆಗೆ ನಿಲುಕೀತು. ಒಡೆತನ ಒಂದಾಗಿದ್ದರಿಂದ ದೊಡ್ಡ ಬದಲಾವಣೆಗಳು ಸಾಧ್ಯವಾದವು. ೧೯೬೫ರಲ್ಲಿ ಉತ್ತರ ಸಮುದ್ರದ ತಳದಲ್ಲಿ ನೈಸರ್ಗಿಕ ಅನಿಲ ದೊರೆತಾಗ, ಅದುವರೆಗೆ ಕಲ್ಲಿದ್ದಲಿನಿಂದ ತಯಾರಿಸಿದ ಅನಿಲಕ್ಕೆ ಹೊಂದಿಕೊಂಡಿದ್ದ ದೇಶದ ಒಲೆಗಳನ್ನೆಲ್ಲ ೧೯೬೭ರಿಂದ ೧೯೭೭ರವರೆಗೆ ಮನೆಮನೆಗೂ ಹೋಗಿ ಮಾರ್ಪಡಿಸಲಾಯಿತು.

ಬಳಿಕ ಗಾಳಿ ಬೇರೆ ದಿಕ್ಕಿಗೆ ಬೀಸಿತು. ೧೯೮೬ರಲ್ಲಿ ಅನಿಲ ಉದ್ಯಮವೂ ೧೯೯೦ರಿಂದ ವಿದ್ಯುತ್ ಉದ್ಯಮವೂ ಖಾಸಗಿಯವರ ಕೈಸೇರಿದವು. ಮಾರಾಟವಾದ ಕಂಪನಿಗಳೆಲ್ಲ ಮೊದಲು ಒಂದೇ ಮನೆಯ ಮಕ್ಕಳು. ಆಸ್ತಿ ಪಾಲಾದರೂ ಬಾವಿ ಒಂದೇ, ದಾರಿ ಒಂದೇ ಎಂಬಂತೆ ಕೆಲವು ವಿಷಯಗಳು ಪಾಲಾಗದೆ ಉಳಿದುವು. ಅವುಗಳಲ್ಲಿ ಮುಖ್ಯವಾದದ್ದು ತಾಂತ್ರಿಕ ನಿಯಮಗಳ ಸಂಗ್ರಹ. ಅದನ್ನು ಮೊದಲು ಎಲೆಕ್ಟ್ರಿಸಿಟಿ ಅಸೋಸಿಯೇಷನ್ ಎಂಬ ಸಂಘ ನೋಡಿಕೊಂಡಿತು. ಕಾಲಕ್ರಮದಲ್ಲಿ ಉತ್ಪಾದಕರು, ಜಾಲದವರು, ಮಾರಾಟಗಾರರು, ಇವರ ಹಿತಾಸಕ್ತಿಗಳು ಬೇರೆಬೇರೆಯಾದವು. ೨೦೦೩ರಲ್ಲಿ ಆ ಸಂಘ ವಿಸರ್ಜನೆಗೊಂಡು, ಅದರ ಸ್ಥಾನದಲ್ಲಿ ಮೂರು ಸಂಸ್ಥೆಗಳು ಬಂದವು. ಜಾಲದವರ ಪಾಲಿಗೆ ಬಂದದ್ದು ಎನರ್ಜಿ ನೆಟ್‌ವರ್ಕ್ಸ್ ಅಸೋಸಿಯೇಷನ್. ಮುಂದೆ ಅನಿಲದ ಕೊಳವೆಗಳ ಕಂಪನಿಗಳೂ ಅದರೊಳಗೆ ಸೇರಿದವು. ಉತ್ತರ ಐರ್ಲೆಂಡ್ ಮತ್ತು ಐರ್ಲೆಂಡಿನ ಜಾಲಗಳೂ ಸದಸ್ಯರಾದವು.

ಒಕ್ಕೂಟದ ಕೆಲಸಗಳು

ಒಕ್ಕೂಟದ ಮೊದಲ ಕೆಲಸ ನಿಯಮ ರಚನೆ. ಸದಸ್ಯ ಕಂಪನಿಗಳ ಇಂಜಿನಿಯರುಗಳು ಸಮಿತಿಗಳಲ್ಲಿ ಕುಳಿತು ಸಿದ್ಧಪಡಿಸುವ ಈ ನಿಯಮಗಳಿಗೆ ‘ಇಂಜಿನಿಯರಿಂಗ್ ರೆಕಮೆಂಡೇಷನ್’ ಎಂದು ಹೆಸರು. ಪಿ ೨ ಎಂಬುದು ಅವುಗಳಲ್ಲೊಂದು. ಒಂದು ಪ್ರದೇಶಕ್ಕೆ ವಿದ್ಯುತ್ತು ಬರುವ ಮಾರ್ಗ ಕೆಟ್ಟುಹೋದರೆ ಎಷ್ಟು ಹೊತ್ತಿನೊಳಗೆ ಬೇರೊಂದು ಮಾರ್ಗದಿಂದ ಅದನ್ನು ಒದಗಿಸಬೇಕೆಂಬುದನ್ನು ಅದು ಹೇಳುತ್ತದೆ. ಬೇಡಿಕೆ ಹೆಚ್ಚಿದಷ್ಟೂ ಕೊಟ್ಟಿರುವ ಅವಧಿ ಕಿರಿದು. ಹಳ್ಳಿಯ ನಾಲ್ಕು ಮನೆಗಳು ರಿಪೇರಿಯಾಗುವವರೆಗೆ ಕಾಯಬೇಕಾದೀತು, ನಗರವೊಂದು ಕಾಯುವಂತಿಲ್ಲ. ಎರಡನೆಯ ಮಾರ್ಗವನ್ನು ನಿರ್ಮಿಸಲು ಎಷ್ಟು ಹಣ ತೊಡಗಿಸಬೇಕೆಂಬ ದೊಡ್ಡ ತೀರ್ಮಾನ ಈ ಚಿಕ್ಕ ಪುಸ್ತಿಕೆಯ ಆಧಾರದ ಮೇಲೆ ನಿಂತಿದೆ.

ಜಿ ೯೮ ಮತ್ತು ಜಿ ೯೯ ಎಂಬ ಇನ್ನೆರಡು ನಿಯಮಗಳು ೨೦೧೯ರ ಏಪ್ರಿಲ್ ತಿಂಗಳಿನಿಂದ ಜಾರಿಯಲ್ಲಿವೆ. ಮನೆಯ ಮಾಡಿನ ಮೇಲಿನ ಸೌರಫಲಕದಂತಹ ಸಣ್ಣ ಉತ್ಪಾದಕಗಳನ್ನು ಜಾಲಕ್ಕೆ ಜೋಡಿಸುವ ಬಗೆಯನ್ನು ಇವು ವಿಧಿಸುತ್ತವೆ. ಪ್ರತಿ ಫೇಸಿಗೆ ೧೬ ಆಂಪಿಯರಿಗೆ ಮೀರದ ಸಾಧನವಾದರೆ ಜೋಡಿಸಿ ೨೮ ದಿನಗಳೊಳಗೆ ಕಂಪನಿಗೆ ತಿಳಿಸಿದರೆ ಸಾಕು. ಅದಕ್ಕಿಂತ ದೊಡ್ಡದಾದರೆ ಮೊದಲೇ ಒಪ್ಪಿಗೆ ಬೇಕು. ಈ ನಿಯಮ ೧೪ ಪ್ರದೇಶಗಳಿಗೂ ಒಂದೇ. ಆದ್ದರಿಂದ ಸಾಧನವನ್ನು ತಯಾರಿಸುವವನು ೧೪ ಮಾದರಿಗಳನ್ನು ಮಾಡಬೇಕಾಗಿಲ್ಲ, ಕೊಳ್ಳುವವನು ೧೪ ಬಗೆಯ ಅರ್ಜಿಗಳನ್ನು ಓದಬೇಕಾಗಿಲ್ಲ.

ಎರಡನೆಯ ಕೆಲಸ, ವಿಪತ್ತಿನಲ್ಲಿ ಪರಸ್ಪರ ನೆರವು. ಬಿರುಗಾಳಿಗೆ ಒಂದು ಸೀಮೆಯ ಕಂಬಗಳು ಉರುಳಿದಾಗ ನೆರೆಯ ಸೀಮೆಗಳ ಲೈನ್‌ಮನ್ನರು, ವಾಹನಗಳು, ಜನರೇಟರುಗಳು ಅಲ್ಲಿಗೆ ಧಾವಿಸುವ ಏರ್ಪಾಡನ್ನು ಜಾಲ ಕಂಪನಿಗಳು ಮಾಡಿಕೊಂಡಿವೆ. ಊರಿನಲ್ಲಿ ಒಬ್ಬನ ಬಣವೆಗೆ ಬೆಂಕಿ ಬಿದ್ದರೆ ಊರೆಲ್ಲ ಕೊಡ ಹಿಡಿದು ಓಡುವ ಪದ್ಧತಿಯೇ ಇದು. ೨೦೨೧ರ ನವೆಂಬರ್ ೨೬ರಂದು ಬೀಸಿದ ಆರ್ವೆನ್ ಎಂಬ ಬಿರುಗಾಳಿ ಈ ಏರ್ಪಾಡನ್ನು ಕಠಿಣವಾಗಿ ಪರೀಕ್ಷಿಸಿತು. ಸುಮಾರು ೧೦ ಲಕ್ಷ ಗ್ರಾಹಕರಿಗೆ ವಿದ್ಯುತ್ತು ಕಡಿದುಹೋಯಿತು. ನೆರವು ಹರಿದುಬಂದರೂ, ಸುಮಾರು ೪,೦೦೦ ಮನೆಗಳು ಚಳಿಗಾಲದ ಬಾಗಿಲಲ್ಲಿ ಒಂದು ವಾರಕ್ಕೂ ಮೀರಿ ಕತ್ತಲಲ್ಲಿದ್ದವು. ಆಫ್‌ಜೆಮ್ ನಡೆಸಿದ ವಿಚಾರಣೆಯಲ್ಲಿ, ಜನರಿಗೆ ಸರಿಯಾದ ಮಾಹಿತಿ ಸಿಗಲಿಲ್ಲವೆಂಬ ದೂರು ನಿಜವೆಂದು ಕಂಡುಬಂದಿತು. ಕಂಪನಿಗಳು ಪರಿಹಾರವಾಗಿ ಸುಮಾರು ೩ ಕೋಟಿ ೪೦ ಲಕ್ಷ ಪೌಂಡುಗಳನ್ನು ತೆತ್ತವು.

ಮೂರನೆಯ ಕೆಲಸ, ಜನರಿಗೆ ಒಂದೇ ಬಾಗಿಲನ್ನು ತೆರೆದಿಡುವುದು. ದೀಪ ಆರಿದ ಕತ್ತಲಲ್ಲಿ ತನ್ನ ಬೀದಿ ಯಾವ ಕಂಪನಿಗೆ ಸೇರಿದ್ದೆಂದು ಹುಡುಕುವ ವ್ಯವಧಾನ ಯಾರಿಗಿದೆ? ೨೦೧೬ರಲ್ಲಿ ಗ್ರೇಟ್ ಬ್ರಿಟನ್ನಿಗೆಲ್ಲ ಅನ್ವಯಿಸುವಂತೆ ೧೦೫ ಎಂಬ ಒಂದೇ ದೂರವಾಣಿ ಸಂಖ್ಯೆ ಬಳಕೆಗೆ ಬಂದಿತು. ಎಲ್ಲಿಂದ ಕರೆದರೂ ಶುಲ್ಕವಿಲ್ಲದೆ ಕರೆ ಆ ಸೀಮೆಯ ಕಂಪನಿಗೆ ತಲಪುತ್ತದೆ. ಇದು ದೊಡ್ಡ ಆವಿಷ್ಕಾರವೇನೂ ಅಲ್ಲ. ಆದರೆ ಎಲ್ಲ ಕಂಪನಿಗಳೂ ಒಮ್ಮತಕ್ಕೆ ಬಾರದೆ ಇದನ್ನು ಮಾಡುವಂತಿರಲಿಲ್ಲ.

ಒಂದು ಗುಡುಗಿನ ಸಂಜೆ

ನಿಯಮ ರಚನೆ ಎಷ್ಟು ಹೊಣೆಗಾರಿಕೆಯ ಕೆಲಸವೆಂಬುದನ್ನು ತಿಳಿಯಲು ೨೦೧೯ರ ಆಗಸ್ಟ್ ೯ರ ಘಟನೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಅದಕ್ಕೆ ಮುನ್ನ ಒಂದು ಸೂಕ್ಷ್ಮವನ್ನು ಮನದಟ್ಟುಮಾಡಿಕೊಳ್ಳುವುದು ಅಗತ್ಯ.

ಹಿಂದೆ ವಿದ್ಯುತ್ತು ದೊಡ್ಡ ಸ್ಥಾವರಗಳಿಂದ ಮನೆಗಳ ಕಡೆಗೆ ಮಾತ್ರ ಹರಿಯುತ್ತಿತ್ತು. ಲೈನ್‌ಮನ್ನನು ಮೇಲಿನ ಸ್ವಿಚ್ಚನ್ನು ತೆಗೆದನೆಂದರೆ ಕೆಳಗಿನ ತಂತಿ ನಿರ್ಜೀವ. ಮಾಡಿನ ಮೇಲೆ ಸೌರಫಲಕವೋ ಕಾರ್ಖಾನೆಯ ಹಿತ್ತಿಲಲ್ಲಿ ಜನರೇಟರೋ ಬಂದ ಮೇಲೆ ಆ ಭರವಸೆ ತಪ್ಪಿತು. ಮೇಲಿನ ಸ್ವಿಚ್ಚು ತೆಗೆದಿದ್ದರೂ ಕೆಳಗಿನಿಂದ ವಿದ್ಯುತ್ತು ಹರಿದು ಕಂಬದ ಮೇಲಿರುವವನ ಪ್ರಾಣಕ್ಕೆ ಸಂಚಕಾರ ತರಬಹುದು. ಆದ್ದರಿಂದ ಪ್ರತಿಯೊಂದು ಸಣ್ಣ ಉತ್ಪಾದಕವೂ ತಾನು ಜಾಲದಿಂದ ಬೇರ್ಪಟ್ಟಿದ್ದೇನೆಯೇ ಎಂಬುದನ್ನು ತಾನೇ ಅರಿತು ಒಡನೆ ನಿಲ್ಲಬೇಕು ಎಂದು ನಿಯಮವಾಯಿತು. ಅರಿಯುವುದು ಹೇಗೆ? ಬೇರ್ಪಟ್ಟೊಡನೆ ಆವೃತ್ತಿ ವೇಗವಾಗಿ ಏರುತ್ತದೆ ಇಲ್ಲವೆ ಇಳಿಯುತ್ತದೆ. ಸೆಕೆಂಡಿಗೆ ೦.೧೨೫ ಆವರ್ತಕ್ಕಿಂತ ಹೆಚ್ಚಿನ ವೇಗದಲ್ಲಿ ಅದು ಬದಲಾದರೆ ನಿಲ್ಲು ಎಂದು ಉಪಕರಣಕ್ಕೆ ಕಟ್ಟಳೆ ವಿಧಿಸಿದರು. ಇಂತಹ ಉತ್ಪಾದಕಗಳು ಬೆರಳೆಣಿಕೆಯಷ್ಟಿದ್ದ ಕಾಲಕ್ಕೆ ಇದು ಒಳ್ಳೆಯ ನಿಯಮವೇ ಆಗಿತ್ತು.

ಆ ದಿನ ಸಂಜೆ ೪ ಗಂಟೆ ೫೨ ನಿಮಿಷಕ್ಕೆ ಲಂಡನ್ನಿನ ಉತ್ತರಕ್ಕಿರುವ ೪೦೦ ಕಿಲೋವೋಲ್ಟಿನ ಮಾರ್ಗವೊಂದಕ್ಕೆ ಸಿಡಿಲು ಬಡಿಯಿತು. ಮಾರ್ಗವು ಕೆಲವೇ ಸೆಕೆಂಡುಗಳಲ್ಲಿ ಸರಿಹೋಯಿತು. ಸಿಡಿಲು ಅಲ್ಲಿ ಅಪೂರ್ವವೂ ಅಲ್ಲ. ಆದರೆ ಅದರ ಬೆನ್ನಿಗೇ ಉತ್ತರ ಸಮುದ್ರದ ಹಾರ್ನ್‌ಸೀ ಪವನ ವಿದ್ಯುತ್ ಕ್ಷೇತ್ರವು ೭೩೭ ಮೆಗಾವಾಟ್‌ಗಳನ್ನೂ, ಲಿಟ್ಲ್ ಬಾರ್ಫರ್ಡಿನ ಅನಿಲ ಸ್ಥಾವರವು ಮೊದಲ ಹೊಡೆತದಲ್ಲಿ ೨೪೪ ಮೆಗಾವಾಟ್‌ಗಳನ್ನೂ ಕಳೆದುಕೊಂಡವು. ಸಿಡಿಲಿನ ಅಲುಗಾಟಕ್ಕೆ ಸುಮಾರು ೧೫೦ ಮೆಗಾವಾಟ್‌ಗಳಷ್ಟು ಸಣ್ಣ ಉತ್ಪಾದಕಗಳು ತಾವು ಬೇರ್ಪಟ್ಟೆವೆಂದು ಭ್ರಮಿಸಿ ನಿಂತವು. ಆವೃತ್ತಿ ಕುಸಿಯತೊಡಗಿದಾಗ ಕುಸಿತದ ವೇಗವನ್ನು ಕಂಡು ಇನ್ನೂ ಸುಮಾರು ೩೫೦ ಮೆಗಾವಾಟ್‌ಗಳಷ್ಟು ನಿಂತವು. ಅವು ನಿಜವಾಗಿ ಜಾಲದಿಂದ ಬೇರ್ಪಟ್ಟಿರಲಿಲ್ಲ. ಜಾಲಕ್ಕೆ ಅವುಗಳ ಆಸರೆ ಅತ್ಯಂತ ಬೇಕಾಗಿದ್ದ ಗಳಿಗೆಯಲ್ಲಿ, ನಿಯಮಕ್ಕೆ ವಿಧೇಯವಾಗಿ, ಅವು ಕೈಬಿಟ್ಟವು.

ಮೀಸಲು ಶಕ್ತಿಯಾಗಿ ಇಟ್ಟುಕೊಂಡಿದ್ದುದು ಸುಮಾರು ೧,೦೦೦ ಮೆಗಾವಾಟ್. ಒಟ್ಟು ನಷ್ಟ ಸುಮಾರು ೧,೯೦೦ ಮೆಗಾವಾಟ್‌ಗಳಿಗೆ ಏರಿತು. ಆವೃತ್ತಿ ೪೮.೮ಕ್ಕೆ ಇಳಿದಾಗ, ಇಡೀ ಜಾಲ ಕುಸಿಯದಂತೆ ತಡೆಯಲು ಸ್ವಯಂಚಾಲಿತ ಉಪಕರಣಗಳು ಕೆಲವು ಪ್ರದೇಶಗಳನ್ನು ಕಡಿದುಹಾಕಿದವು. ಹತ್ತು ಲಕ್ಷಕ್ಕೂ ಹೆಚ್ಚು ಗ್ರಾಹಕರು ಕತ್ತಲಲ್ಲಿ ಉಳಿದರು. ಮುಕ್ಕಾಲು ಗಂಟೆಯೊಳಗೆ ವಿದ್ಯುತ್ತು ಮರಳಿತು. ಆದರೆ ಒಂದು ಬಗೆಯ ರೈಲುಗಳು ಆವೃತ್ತಿ ೪೯ಕ್ಕಿಂತ ಕೆಳಗಿಳಿದೊಡನೆ ನಿಂತುಬಿಟ್ಟಿದ್ದವು. ಹಲವನ್ನು ತಂತ್ರಜ್ಞರು ಬಂದು ಚಾಲೂ ಮಾಡಬೇಕಾಯಿತು. ಶುಕ್ರವಾರ ಸಂಜೆ ಮನೆಗೆ ಹೊರಟಿದ್ದ ಸಾವಿರಾರು ಜನ ದಾರಿಯಲ್ಲಿ ಗಂಟೆಗಟ್ಟಲೆ ಸಿಕ್ಕಿಕೊಂಡರು.

ಇಲ್ಲಿ ಗಮನಿಸಬೇಕಾದ ಸಂಗತಿ ಬೇರೊಂದಿದೆ. ಆ ಹಳೆಯ ಕಟ್ಟಳೆ ಅತಿಸೂಕ್ಷ್ಮವಾಗಿದೆ ಎಂಬುದು ಇಂಜಿನಿಯರುಗಳಿಗೆ ಮೊದಲೇ ತಿಳಿದಿತ್ತು. ಹೊಸ ಸಾಧನಗಳ ಮಟ್ಟಿಗೆ ತಿದ್ದುಪಡಿಯೂ ಆಗಿತ್ತು. ಆದರೆ ಈಗಾಗಲೇ ಜೋಡಿಸಿದ್ದ ಸಾವಿರಾರು ಸಾಧನಗಳು ಹಳೆಯ ಕಟ್ಟಳೆಯಲ್ಲಿಯೇ ಉಳಿದಿದ್ದವು. ಅವುಗಳ ಒಡೆಯರು ರೈತರು, ಸಣ್ಣ ಕಾರ್ಖಾನೆಯವರು, ಆಸ್ಪತ್ರೆಯವರು. ಅವರೆಲ್ಲರನ್ನೂ ಹುಡುಕಿ ಮನವೊಲಿಸಬೇಕಾಗಿತ್ತು. ೨೦೧೯ರ ಶರತ್ಕಾಲದಲ್ಲಿ ರಾಷ್ಟ್ರೀಯ ಜಾಲದ ಚಾಲಕ ಸಂಸ್ಥೆ, ವಿತರಣಾ ಕಂಪನಿಗಳು ಮತ್ತು ಅವುಗಳ ಒಕ್ಕೂಟ ಸೇರಿ ಇದಕ್ಕಾಗಿಯೇ ಒಂದು ಕಾರ್ಯಕ್ರಮವನ್ನು ಕೈಗೊಂಡವು. ಒಡೆಯರಿಗೆ ಧನಸಹಾಯ ಕೊಟ್ಟು ಸಾಧನಗಳನ್ನು ಸೆಕೆಂಡಿಗೆ ೧ ಆವರ್ತದ ಹೊಸ ಮಿತಿಗೆ ಬದಲಾಯಿಸಲಾಯಿತು. ಹೊಸ ಮಿತಿಯೊಡನೆ ಅರ್ಧ ಸೆಕೆಂಡಿನ ತಾಳ್ಮೆಯನ್ನೂ ಆ ಉಪಕರಣಗಳಿಗೆ ಕಲಿಸಲಾಯಿತು. ಒಂದೊಂದು ಕಂಪನಿಯೂ ತನ್ನ ಮಟ್ಟಿಗೆ ಹೊರಟಿದ್ದರೆ ಈ ಕೆಲಸ ಆಗುತ್ತಿರಲಿಲ್ಲ. ಹಾಗೆಯೇ, ಎಲ್ಲರೂ ಕೂಡಿ ಇನ್ನಷ್ಟು ಬೇಗ ಹೊರಟಿದ್ದರೆ ಆ ಸಂಜೆಯ ಹಾನಿ ಅಷ್ಟಾಗುತ್ತಿರಲಿಲ್ಲವೆಂಬುದೂ ನಿಜ.

ಒಕ್ಕೂಟದ ಮಿತಿ

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳದಿದ್ದರೆ ನ್ಯಾಯವಾಗದು. ಒಕ್ಕೂಟವು ಜಾಲದ ಒಡೆಯರ ಸಂಸ್ಥೆ, ಗ್ರಾಹಕರದಲ್ಲ. ಸರಕಾರದ ಮುಂದೆ, ನಿಯಂತ್ರಕನ ಮುಂದೆ, ಪತ್ರಿಕೆಗಳ ಮುಂದೆ ಸದಸ್ಯರ ಪರವಾಗಿ ಮಾತನಾಡುವುದೂ ಅದರ ಕೆಲಸ. ಜಾಲಕ್ಕೆ ಹೆಚ್ಚು ಬಂಡವಾಳ ಬೇಕೆಂದು ಅದು ವಾದಿಸುವಾಗ, ಆ ಬಂಡವಾಳವೂ ಅದರ ಮೇಲಿನ ಲಾಭವೂ ಗ್ರಾಹಕರ ಬಿಲ್ಲಿನಿಂದಲೇ ಬರಬೇಕೆಂಬುದನ್ನು ಮರೆಯಲಾಗದು. ಆದ್ದರಿಂದಲೇ ಅದರ ಸಮಿತಿಗಳು ಸಿದ್ಧಪಡಿಸಿದ ಮುಖ್ಯ ನಿಯಮಗಳು ನೇರವಾಗಿ ಜಾರಿಗೆ ಬರುವುದಿಲ್ಲ. ಅವುಗಳ ಕರಡನ್ನು ಪ್ರಕಟಿಸಿ ಅಭಿಪ್ರಾಯ ಕೇಳುತ್ತಾರೆ. ಆಫ್‌ಜೆಮ್ ಒಪ್ಪಿಗೆಯಾದ ಬಳಿಕ ಅವು ವಿತರಣಾ ಸಂಹಿತೆಯ ಭಾಗವಾಗಿ ಕಂಪನಿಗಳನ್ನು ಕಟ್ಟಿಹಾಕುತ್ತವೆ. ಕರಡು ಬರೆಯುವುದು ಬಲ್ಲವರ ಕೈಯಲ್ಲಿ, ಒಪ್ಪಿಗೆಯ ಮುದ್ರೆ ಹೊರಗಿನವರ ಕೈಯಲ್ಲಿ ಎಂಬುದು ಈ ವ್ಯವಸ್ಥೆಯ ತಿರುಳು.

ಅನಿಲದ ವಿಷಯದಲ್ಲಿ ಈ ಹಿತಾಸಕ್ತಿಯ ಪ್ರಶ್ನೆ ಇನ್ನೂ ತೀವ್ರ. ನೆಲದಡಿಯ ಹಳೆಯ ಕಬ್ಬಿಣದ ಕೊಳವೆಗಳು ಬಿರುಕುಬಿಟ್ಟು ಸ್ಫೋಟಕ್ಕೆ ಎಡೆಮಾಡುವ ಭಯದಿಂದ, ಮನೆಗಳಿಗೆ ೩೦ ಮೀಟರಿನೊಳಗಿರುವ ಅಂತಹ ಕೊಳವೆಗಳನ್ನು ತೆಗೆಯುವ ೩೦ ವರ್ಷಗಳ ಯೋಜನೆ ೨೦೦೨ರಲ್ಲಿ ಮೊದಲಾಯಿತು. ಅವುಗಳ ಸ್ಥಾನದಲ್ಲಿ ಪಾಲಿಥೀನ್ ಕೊಳವೆಗಳನ್ನು ಹಾಕಲಾಗುತ್ತಿದೆ. ಇಷ್ಟೆಲ್ಲ ವೆಚ್ಚಮಾಡಿದ ಕೊಳವೆಗಳ ಭವಿಷ್ಯವೇನು? ಹಸಿರುಮನೆ ಅನಿಲಗಳ ನಿವ್ವಳ ಹೊರಸೂಸುವಿಕೆಯನ್ನು ೨೦೫೦ರೊಳಗೆ ಸೊನ್ನೆಗೆ ಇಳಿಸಬೇಕೆಂಬುದು ಬ್ರಿಟನ್ನಿನ ಶಾಸನಬದ್ಧ ಗುರಿ. ನೈಸರ್ಗಿಕ ಅನಿಲಕ್ಕೆ ಬದಲು ಅದೇ ಕೊಳವೆಗಳಲ್ಲಿ ಜಲಜನಕವನ್ನು ಹರಿಸಬಹುದೆಂದು ಅನಿಲ ಕಂಪನಿಗಳು ಹೇಳುತ್ತವೆ. ಕೀಲ್ ವಿಶ್ವವಿದ್ಯಾನಿಲಯದ ಆವರಣದಲ್ಲಿ ಶೇಕಡ ೨೦ರವರೆಗೆ ಜಲಜನಕ ಬೆರೆಸಿ ಪ್ರಯೋಗವೂ ನಡೆಯಿತು. ಮನೆಗಳನ್ನು ಬೆಚ್ಚಗಿಡಲು ವಿದ್ಯುತ್ತೇ ಮಿತವ್ಯಯದ ಮಾರ್ಗವೆಂದು ಇತರರು ಹೇಳುತ್ತಾರೆ. ಇಡೀ ಹಳ್ಳಿಯೊಂದನ್ನು ಜಲಜನಕಕ್ಕೆ ಪರಿವರ್ತಿಸುವ ಪ್ರಸ್ತಾಪಗಳು ೨೦೨೩ರಲ್ಲಿ ಕೈಬಿಟ್ಟುಹೋದವು. ಈ ವಾದದಲ್ಲಿ ತಂತಿಯವರಿಗೂ ಕೊಳವೆಯವರಿಗೂ ಒಂದೇ ದನಿಯಿರುವುದು ಕಷ್ಟ. ೨೦೨೪ರಲ್ಲಿ ಅನಿಲ ಕಂಪನಿಗಳು ಫ್ಯೂಚರ್ ಎನರ್ಜಿ ನೆಟ್‌ವರ್ಕ್ಸ್ ಎಂಬ ತಮ್ಮದೇ ಆದ ಸಂಸ್ಥೆಯನ್ನು ಕಟ್ಟಿಕೊಂಡವು.

ನಮ್ಮ ನಾಡಿನ ಕಡೆಗೆ

ಸಮಾನ ನಿಯಮದ ಪ್ರಶ್ನೆ ನಮಗೂ ಹೊಸದಲ್ಲ. ೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ವಿದ್ಯುತ್ತಿನ ಆವೃತ್ತಿ ೨೫. ಮುಂದೆ ದೇಶಕ್ಕೆಲ್ಲ ಗೊತ್ತುಪಡಿಸಿದ್ದು ೫೦. ಇಂದು ಕರ್ನಾಟಕದಲ್ಲಿ ಸರಕಾರದ ಐದು ವಿತರಣಾ ಕಂಪನಿಗಳೂ, ಬೆಳಗಾವಿ ಜಿಲ್ಲೆಯಲ್ಲಿ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವೂ ಇವೆ. ಬ್ರಿಟನ್ನಿನಲ್ಲಿ ಒಕ್ಕೂಟದ ಸಮಿತಿಗಳು ಮಾಡುವ ನಿಯಮ ರಚನೆಯನ್ನು ನಮ್ಮಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರವೆಂಬ ಶಾಸನಬದ್ಧ ಸಂಸ್ಥೆ ಮಾಡುತ್ತದೆ. ಸೌರಫಲಕಗಳಂತಹ ಸಣ್ಣ ಉತ್ಪಾದಕಗಳ ಜೋಡಣೆಗೆ ಅದು ೨೦೧೩ರಲ್ಲಿ ವಿಧಿಗಳನ್ನು ಹೊರಡಿಸಿ ೨೦೧೯ರಲ್ಲಿ ತಿದ್ದಿತು.

ಕೂಡಿಕೆಯ ಲಾಭವನ್ನೂ ಅಪಾಯವನ್ನೂ ನಾವು ಕಂಡಿದ್ದೇವೆ. ೨೦೧೨ರ ಜುಲೈ ೩೧ರಂದು ಉತ್ತರ, ಪೂರ್ವ ಮತ್ತು ಈಶಾನ್ಯ ಭಾರತದ ಜಾಲಗಳು ಕುಸಿದು ೬೦ ಕೋಟಿಗೂ ಹೆಚ್ಚು ಜನ ವಾಸಿಸುವ ಪ್ರದೇಶ ಕತ್ತಲಾಯಿತು. ದಕ್ಷಿಣದ ಜಾಲ ಆಗ ಅವುಗಳೊಡನೆ ಒಂದೇ ಲಯದಲ್ಲಿ ಬೆಸೆದುಕೊಂಡಿರದ ಕಾರಣ ಕರ್ನಾಟಕ ಪಾರಾಯಿತು. ೨೦೧೩ರ ಡಿಸೆಂಬರ್ ೩೧ರಂದು ನಮ್ಮ ರಾಯಚೂರಿನಿಂದ ಸೊಲ್ಲಾಪುರಕ್ಕೆ ಹೋಗುವ ೭೬೫ ಕಿಲೋವೋಲ್ಟಿನ ಮಾರ್ಗದ ಮೂಲಕ ದಕ್ಷಿಣವೂ ಕೂಡಿಕೊಂಡಿತು. ಅಂದಿನಿಂದ ದೂರದ ಸ್ಥಾವರಗಳ ಶಕ್ತಿ ನಮಗೆ ಸುಲಭವಾಗಿ ದೊರೆಯುತ್ತಿದೆ. ದೂರದ ಕೆಡುಕೂ ನಮ್ಮನ್ನು ಮುಟ್ಟಬಲ್ಲುದು.

ಇಂದು ನಮ್ಮ ಊರುಗಳಲ್ಲಿಯೂ ಶಾಲೆಗಳ, ಮನೆಗಳ ಮಾಡಿನ ಮೇಲೆ ಸೌರಫಲಕಗಳು ಏಳುತ್ತಿವೆ. ಅವುಗಳ ಜೊತೆಗೆ ಬರುವ ಇನ್ವರ್ಟರಿನೊಳಗೆ, ಯಾವಾಗ ನಿಲ್ಲಬೇಕು ಯಾವಾಗ ನಿಲ್ಲಬಾರದು ಎಂಬ ಕಟ್ಟಳೆ ಅಡಗಿದೆ. ಒಂದು ಕಡೆ ಕಂಬದ ಮೇಲಿನ ಲೈನ್‌ಮನ್ನನ ಪ್ರಾಣ, ಇನ್ನೊಂದು ಕಡೆ ಲಕ್ಷಾಂತರ ಮನೆಗಳ ಬೆಳಕು. ಎರಡನ್ನೂ ಕಾಯುವ ಅಂಕಿಯನ್ನು ಗೊತ್ತುಮಾಡುವುದು ಸುಲಭವಲ್ಲ, ಒಮ್ಮೆ ಗೊತ್ತುಮಾಡಿದರೆ ಮುಗಿಯುವುದೂ ಇಲ್ಲ. ಸಾಧನಗಳು ಹೆಚ್ಚಿದಂತೆ ಅದನ್ನು ಮತ್ತೆ ಮತ್ತೆ ಒರೆಗೆ ಹಚ್ಚಬೇಕು. ಆ ಕೆಲಸವನ್ನು ಬ್ರಿಟನ್ನಿನಂತೆ ಒಕ್ಕೂಟ ಮಾಡಲಿ, ನಮ್ಮಲ್ಲಿಯಂತೆ ಪ್ರಾಧಿಕಾರ ಮಾಡಲಿ, ದೋಷ ತಿಳಿದ ಮೇಲೆ ತಿದ್ದುವುದಕ್ಕೆ ಸಿಡಿಲಿಗಾಗಿ ಕಾಯಬಾರದು. ೨೦೧೯ರ ಆ ಸಂಜೆ ಕಲಿಸಿದ ಪಾಠ ಇದು. ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ನಾಳೆ ಅಂತಹ ಸಮಿತಿಗಳ ಮೇಜಿನ ಸುತ್ತ ಕುಳಿತುಕೊಳ್ಳುವರು. ಅವರು ಈ ಪಾಠವನ್ನು ನೆನಪಿನಲ್ಲಿಟ್ಟುಕೊಂಡರೆ ಅವರಿಗೆ ಭೌತಶಾಸ್ತ್ರವನ್ನು ಕಲಿಸಿದ ಶ್ರಮ ಸಾರ್ಥಕವಾದೀತು.